ಶರತ್ಕಾಲದಲ್ಲೇ ಏಕೆ ಸತ್ತವರ ಹಬ್ಬಗಳು?

ಪ್ರಶ್ನೆ: ಭಾದ್ರಪದದ ಕೃಷ್ಣಪಕ್ಷದಲ್ಲಿ ನಾವು ಪಿತೃಪಕ್ಷ ಆಚರಿಸುತ್ತೇವೆ. ಅದಕ್ಕೆ ಸ್ವಲ್ಪ ಹಿಂದುಮುಂದಾಗಿ ಕೊರಿಯಾದವರು ಚುಸೋಕ್ ಎಂದೂ ಕಾಂಬೋಡಿಯಾದವರು ಪ್ಚುಮ್ ಬೆನ್ ಎಂದೂ ತಮ್ಮ ಹಿರಿಯರನ್ನು ನೆನೆಯುತ್ತಾರಂತೆ. ಅಕ್ಟೋಬರ್ ಕೊನೆಗೆ ಹ್ಯಾಲೋವೀನ್ ಬರುತ್ತದೆ. ನವೆಂಬರಿನ ಮೊದಲ ಎರಡು ದಿನ ಯುರೋಪಿನಲ್ಲೂ ಮೆಕ್ಸಿಕೊದಲ್ಲೂ ಸತ್ತವರ ಹಬ್ಬ ನಡೆಯುತ್ತದೆ. ಇವೆಲ್ಲ ಹೆಚ್ಚುಕಡಿಮೆ ಒಂದೇ ಕಾಲದಲ್ಲಿ ಬರುವುದು ಕಾಕತಾಳೀಯವೇ, ಅಥವಾ ಇವುಗಳ ಹಿಂದೆ ಒಂದೇ ಪ್ರಾಚೀನ ಮೂಲವಿದೆಯೇ? ಎಲೆ ಉದುರುವ ಕಾಲವಾದ್ದರಿಂದ ಸಾವಿನ ನೆನಪು ತಾನಾಗಿಯೇ ಬರುತ್ತದೆ ಎಂಬ ವಿವರಣೆ ಸರಿಯೇ? ಹ್ಯಾಲೋವೀನ್ ಕೂಡ ಇದೇ ಪರಂಪರೆಗೆ ಸೇರಿದ್ದೇ?

ಉತ್ತರ: ಒಂದೇ ಮೂಲವೆಂಬುದಿಲ್ಲ. ಎಲೆ ಉದುರುವ ಕಾಲದ ವಿವರಣೆ ಕೇಳಲು ಸೊಗಸಾಗಿದೆಯಾದರೂ ಪರೀಕ್ಷೆಗೆ ನಿಲ್ಲುವುದಿಲ್ಲ. ಪ್ರಾಚೀನ ರೋಮಿನವರು ಮೃತ ಹಿರಿಯರ ಸಮಾಧಿಗಳಿಗೆ ಹೋಗಿ ಎಡೆಯಿಡುತ್ತಿದ್ದ ಪರೆಂತಾಲಿಯಾ ಫೆಬ್ರವರಿ 13ರಿಂದ 21ರವರೆಗೆ ನಡೆಯುತ್ತಿತ್ತು. ಮನೆಯೊಳಗೆ ಸುಳಿಯುವ ಅತೃಪ್ತ ಪ್ರೇತಗಳನ್ನು ಕಪ್ಪು ಕಾಳುಗಳನ್ನು ಎಸೆದು ಹೊರಗೆ ಕಳುಹಿಸುವ ಲೆಮೂರಿಯಾ ಮೇ 9, 11 ಮತ್ತು 13ರಂದು ಬರುತ್ತಿತ್ತು. ಚೀನಾದಲ್ಲಿ ಗೋರಿಗಳನ್ನು ಗುಡಿಸಿ ಪೂಜಿಸುವ ಮುಖ್ಯ ದಿನವಾದ ಚಿಂಗ್‌ಮಿಂಗ್ ಏಪ್ರಿಲ್ ಮೊದಲ ವಾರದ್ದು, ಅಂದರೆ ಚಿಗುರಿನ ಕಾಲದ್ದು. ರಷ್ಯಾದ ಆರ್ಥಡಾಕ್ಸ್ ಕ್ರೈಸ್ತರು ಈಸ್ಟರ್ ಕಳೆದ ಎರಡನೆಯ ವಾರದಲ್ಲಿ ಸ್ಮಶಾನಗಳಿಗೆ ಹೋಗಿ ಸತ್ತವರೊಡನೆ ಹಬ್ಬದ ಊಟ ಹಂಚಿಕೊಳ್ಳುತ್ತಾರೆ. ಇನ್ನೊಂದು ಕಡೆಯಿಂದ ನೋಡಿದರೆ, ನವೆಂಬರ್ ಮೊದಲ ವಾರದಲ್ಲಿ ಸತ್ತವರನ್ನು ನೆನೆಯುವ ಫಿಲಿಪೀನ್ಸಿನಲ್ಲಿ ಎಲೆ ಉದುರುವ ಋತುವೇ ಇಲ್ಲ. ಬೊಲಿವಿಯಾದಲ್ಲಿ ಅದು ವಸಂತ. ನಮ್ಮ ಪಿತೃಪಕ್ಷವನ್ನೇ ತೆಗೆದುಕೊಂಡರೂ, ಶರದೃತು ಆಶ್ವಯುಜದಿಂದ ಆರಂಭವಾಗುವುದರಿಂದ, ಲೆಕ್ಕದ ಪ್ರಕಾರ ಅದು ವರ್ಷ ಋತುವಿನ ಕೊನೆಯ ಹದಿನೈದು ದಿನಗಳಿಗೆ ಸೇರಿದ್ದು.

ಹಾಗಿದ್ದರೂ ನೀವು ಗಮನಿಸಿದ ದಟ್ಟಣೆ ಸುಳ್ಳಲ್ಲ. ಆಗಸ್ಟ್ ನಡುವಿನಿಂದ ನವೆಂಬರ್ ನಡುವಿನವರೆಗೆ ಇಂತಹ ದಿನಗಳು ನಿಜವಾಗಿಯೂ ಒತ್ತೊತ್ತಾಗಿ ಬರುತ್ತವೆ. ನನ್ನ ದೃಷ್ಟಿಯಲ್ಲಿ ಅದಕ್ಕೆ ಎರಡು ಕಾರಣಗಳನ್ನು ಧೈರ್ಯವಾಗಿ ಹೇಳಬಹುದು. ಮೊದಲನೆಯದು ಸರಳವಾದದ್ದು: ಸತ್ತವರಿಗೆ ಉಣಬಡಿಸಲು ಮನೆಯಲ್ಲಿ ಧಾನ್ಯವಿರಬೇಕು, ಉಣಬಡಿಸುವವರಿಗೆ ಹೊಲದ ಕೆಲಸದಿಂದ ಬಿಡುವಿರಬೇಕು, ಮತ್ತು ಉತ್ತರ ಗೋಳಾರ್ಧದ ಬಹುಪಾಲು ಕೃಷಿ ಸಮಾಜಗಳಲ್ಲಿ ಇವೆರಡೂ ಕೂಡಿಬರುವುದು ಈ ತಿಂಗಳುಗಳಲ್ಲೇ. ಎರಡನೆಯದಕ್ಕೆ ಸಿಗಬೇಕಾದಷ್ಟು ಗಮನ ಸಿಕ್ಕಿಲ್ಲ. ಪ್ರತಿಯೊಬ್ಬ ಮೃತನಿಗೂ ಅವನದೇ ಆದ ತಿಥಿಯೊಂದಿರುತ್ತದೆ, ಅದನ್ನು ಅವನ ಮನೆಯವರು ನೆನಪಿಟ್ಟುಕೊಳ್ಳುತ್ತಾರೆ. ಆದರೆ ತಿಥಿ ಗೊತ್ತಿಲ್ಲದವರು, ಸಂತಾನವಿಲ್ಲದವರು, ದೂರದೇಶದಲ್ಲಿ, ಯುದ್ಧದಲ್ಲಿ, ಸಾಂಕ್ರಾಮಿಕದಲ್ಲಿ ಸತ್ತವರು ಯಾವ ಮನೆಯ ಪಂಚಾಂಗದಲ್ಲೂ ಇರುವುದಿಲ್ಲ. ಅವರಿಗಾಗಿ ಸಮುದಾಯವೇ ಒಂದು ಸಾಮೂಹಿಕ ದಿನವನ್ನು ಗೊತ್ತುಮಾಡಬೇಕಾಗುತ್ತದೆ. ನೀವು ಹೆಸರಿಸಿದ ಹಬ್ಬಗಳಲ್ಲಿ ಹೆಚ್ಚಿನವು ಅಂತಹ ದಿನಗಳು. ದಿನ ಯಾವುದು ಎಂಬುದನ್ನು ಮಾತ್ರ ಒಂದೊಂದು ಕಡೆ ಒಂದೊಂದು ಸಂಗತಿ ನಿರ್ಧರಿಸಿದೆ: ಎಲ್ಲೋ ಚಂದ್ರ, ಎಲ್ಲೋ ಕೊಯ್ಲು, ಎಲ್ಲೋ ಒಬ್ಬ ಮಠಾಧಿಪತಿ, ಎಲ್ಲೋ ಒಬ್ಬ ದೊರೆ.

ಮಠಾಧಿಪತಿಯಿಂದಲೇ ಆರಂಭಿಸುತ್ತೇನೆ, ಏಕೆಂದರೆ ಯುರೋಪಿನ ದಿನಾಂಕಗಳ ಬಗ್ಗೆ ಹರಡಿರುವ ಕತೆ ಬಹಳ ಜನಪ್ರಿಯವೂ ಹೌದು, ಬಹಳ ಸಡಿಲವೂ ಹೌದು. ಆ ಕತೆಯ ಪ್ರಕಾರ ಪ್ರಾಚೀನ ಕೆಲ್ಟಿಕ್ ಜನರು ಅಕ್ಟೋಬರ್ 31ರ ರಾತ್ರಿ ಸೌವಿನ್ ಎಂಬ ಸತ್ತವರ ಹಬ್ಬ ಆಚರಿಸುತ್ತಿದ್ದರು, ಅದನ್ನು ಅಳಿಸಲಾಗದೆ ಚರ್ಚು ಅದೇ ದಿನಗಳ ಮೇಲೆ ತನ್ನ ಹಬ್ಬಗಳನ್ನು ಹೊದಿಸಿತು. ಸೌವಿನ್ ಇದ್ದದ್ದು ನಿಜ. ಐರ್ಲೆಂಡಿನ ಮಧ್ಯಯುಗದ ಬರಹಗಳಲ್ಲಿ ಅದು ಚಳಿಗಾಲದ ಬಾಗಿಲು. ದನಗಳನ್ನು ಬೆಟ್ಟದ ಹುಲ್ಲುಗಾವಲಿನಿಂದ ಕೆಳಗಿಳಿಸುವ, ಸಭೆ ಸೇರುವ, ಔತಣ ನಡೆಸುವ, ಮಾಯಾಲೋಕದ ದಿಬ್ಬಗಳು ತೆರೆದುಕೊಳ್ಳುವ ಸಮಯ. ಆದರೆ ಕುಟುಂಬದ ಮೃತರಿಗೆ ಎಡೆಯಿಟ್ಟು ನೆನೆಯುವ ದಿನವೆಂದು ಆ ಬರಹಗಳು ಅದನ್ನು ವರ್ಣಿಸುವುದಿಲ್ಲ. ಅದನ್ನು ಸತ್ತವರ ಹಬ್ಬವೆಂದು ಪ್ರಸಿದ್ಧಗೊಳಿಸಿದವರಲ್ಲಿ ಮುಖ್ಯರಾದ ಜೇಮ್ಸ್ ಫ್ರೇಜರ್ ಅವರು ಹತ್ತೊಂಬತ್ತನೆಯ ಶತಮಾನದ ಕೊನೆ ಮತ್ತು ಇಪ್ಪತ್ತನೆಯ ಶತಮಾನದ ಆರಂಭದ ವಿದ್ವಾಂಸರು, ಅವರು ನಂತರದ ಕಾಲದ ಜನಪದ ರೂಢಿಗಳಿಂದ ಹಿಂದಕ್ಕೆ ಊಹಿಸಿ ಬರೆದರು.

ಚರ್ಚಿನ ದಾಖಲೆಗಳು ಹೇಳುವುದು ಬೇರೆ. ಎಲ್ಲ ಹುತಾತ್ಮರನ್ನೂ ಒಟ್ಟಾಗಿ ಸ್ಮರಿಸುವ ದಿನ ರೋಮಿನಲ್ಲಿ ಮೊದಲು ಮೇ 13 ಆಗಿತ್ತು. 609ರ ಸುಮಾರಿಗೆ ಪೋಪ್ ನಾಲ್ಕನೆಯ ಬೊನಿಫೇಸ್ ಪ್ಯಾಂಥಿಯನ್ ದೇಗುಲವನ್ನು ಚರ್ಚಾಗಿ ಪ್ರತಿಷ್ಠಾಪಿಸಿದ್ದು ಆ ದಿನವೇ. ನವೆಂಬರ್ 1 ಸರ್ವಸಂತರ ದಿನವಾಗಿ ಕಾಣಿಸಿಕೊಳ್ಳುವುದು 800ರ ಆಸುಪಾಸಿನಲ್ಲಿ, ಇಂಗ್ಲೆಂಡಿನಲ್ಲಿ ಮತ್ತು ಇಂದಿನ ಫ್ರಾನ್ಸ್, ಜರ್ಮನಿಗಳ ಭಾಗವನ್ನು ಆಳುತ್ತಿದ್ದ ಫ್ರಾಂಕರ ರಾಜ್ಯಗಳಲ್ಲಿ. 835ರಲ್ಲಿ ಚಕ್ರವರ್ತಿ ಲೂಯಿ ಅದನ್ನು ತನ್ನ ಸಾಮ್ರಾಜ್ಯಕ್ಕೆಲ್ಲ ವಿಧಿಸಿದ. ಕೆಲ್ಟಿಕ್ ಕತೆಗೆ ದೊಡ್ಡ ಪೆಟ್ಟು ಕೊಡುವುದು ಐರ್ಲೆಂಡಿನ ದಾಖಲೆಯೇ: ಸುಮಾರು ಅದೇ ಕಾಲದ ಐರಿಷ್ ಸಂತರ ಪಂಚಾಂಗಗಳಲ್ಲಿ ಸಂತರ ಸಾಮೂಹಿಕ ಹಬ್ಬ ಏಪ್ರಿಲ್ 20ರಂದು ಇದೆ. ಸೌವಿನ್ ಹಬ್ಬವನ್ನು ಮುಚ್ಚುವುದಕ್ಕೇ ಈ ದಿನಾಂಕ ಹುಟ್ಟಿದ್ದಾದರೆ, ಸೌವಿನ್ ಜೀವಂತವಾಗಿದ್ದ ನಾಡೇ ಅದನ್ನು ತಡವಾಗಿ, ಹೊರಗಿನಿಂದ ಪಡೆದದ್ದು ಹೇಗೆ ಎಂಬುದಕ್ಕೆ ಉತ್ತರ ಸಿಗುವುದಿಲ್ಲ.

ನವೆಂಬರ್ 2ರ ಸರ್ವಾತ್ಮರ ದಿನದ ಜನ್ಮಸ್ಥಳ ಇನ್ನೂ ಸ್ಪಷ್ಟವಾಗಿದೆ. ಫ್ರಾನ್ಸಿನ ಕ್ಲೂನಿ ಮಠದ ಅಧಿಪತಿ ಒದಿಲೋ, ಹತ್ತನೆಯ ಶತಮಾನದ ಕೊನೆ ಅಥವಾ ಹನ್ನೊಂದನೆಯ ಶತಮಾನದ ಆರಂಭದಲ್ಲಿ, ತನ್ನ ಅಧೀನದ ಮಠಗಳೆಲ್ಲ ಆ ದಿನ ಮೃತರಿಗಾಗಿ ಪ್ರಾರ್ಥಿಸಬೇಕೆಂದು ಆದೇಶಿಸಿದ. ಈ ಆದೇಶದ ಹಿನ್ನೆಲೆಯನ್ನು ನಾನು ಬಹಳ ಮುಖ್ಯವೆಂದು ಭಾವಿಸುತ್ತೇನೆ. ಅಂದಿನ ಮಠಗಳಲ್ಲಿ ಮೃತ ಸನ್ಯಾಸಿಗಳ ಮತ್ತು ದಾನಿಗಳ ಹೆಸರಿನ ಪಟ್ಟಿಗಳಿದ್ದವು. ಆಯಾ ದಿನ ಆಯಾ ಹೆಸರನ್ನು ಓದಿ ಪ್ರಾರ್ಥನೆ ಸಲ್ಲಿಸಲಾಗುತ್ತಿತ್ತು. ಭೂಮಿ ದಾನ ಕೊಟ್ಟವನ ಹೆಸರು ಪಟ್ಟಿಯಲ್ಲಿ ಇರುತ್ತಿತ್ತು, ಆ ಭೂಮಿಯನ್ನು ಉತ್ತವನ ಹೆಸರು ಇರುತ್ತಿರಲಿಲ್ಲ. ಒದಿಲೋನ ಆದೇಶ ಲೋಕದ ಆರಂಭದಿಂದ ಅಂತ್ಯದವರೆಗಿನ ಎಲ್ಲ ಶ್ರದ್ಧಾವಂತ ಮೃತರನ್ನೂ ಒಂದೇ ದಿನದೊಳಗೆ ತಂದಿತು, ಅದರೊಡನೆ ಬಡವರಿಗೆ ಅನ್ನದಾನವನ್ನೂ ಜೋಡಿಸಿತು. ಸರ್ವಸಂತರ ಮರುದಿನವನ್ನು ಆರಿಸಿಕೊಂಡದ್ದಕ್ಕೆ ಋತುವಿನ ಕಾರಣವನ್ನು ಹುಡುಕಬೇಕಾಗಿಲ್ಲ. ಸ್ವರ್ಗ ಸೇರಿದವರ ದಿನ ಮುಗಿದ ಮೇಲೆ ಇನ್ನೂ ಸೇರದವರ ದಿನ ಬರುವುದು ಅವರ ತರ್ಕಕ್ಕೆ ಸಹಜವಾಗಿತ್ತು.

ಹ್ಯಾಲೋವೀನಿನ ಪ್ರಶ್ನೆಗೆ ಉತ್ತರ ಇಲ್ಲಿಂದಲೇ ಸಿಗುತ್ತದೆ. ಅದು ಸರ್ವಸಂತರ ದಿನದ ಮುನ್ನಾ ಸಂಜೆ. ಮಧ್ಯಯುಗದ ಇಂಗ್ಲೆಂಡಿನಲ್ಲಿ ಬಡವರೂ ಮಕ್ಕಳೂ ಈ ದಿನಗಳಲ್ಲಿ ಮನೆಮನೆಗೆ ಹೋಗಿ, ಆ ಮನೆಯ ಮೃತರಿಗಾಗಿ ಪ್ರಾರ್ಥಿಸುವ ಮಾತು ಕೊಟ್ಟು, ಸಣ್ಣ ಕೇಕುಗಳನ್ನು ಪಡೆಯುತ್ತಿದ್ದರು. ಹದಿನಾರನೆಯ ಶತಮಾನದ ಮತಸುಧಾರಣೆಯಲ್ಲಿ, ಸತ್ತವರ ಆತ್ಮಶುದ್ಧಿಗೆ ಬದುಕಿರುವವರ ಪ್ರಾರ್ಥನೆ ನೆರವಾಗುತ್ತದೆ ಎಂಬ ನಂಬಿಕೆಯನ್ನೇ ಪ್ರಾಟೆಸ್ಟೆಂಟರು ತಿರಸ್ಕರಿಸಿದರು. 1549ರ ಇಂಗ್ಲಿಷ್ ಪ್ರಾರ್ಥನಾ ಗ್ರಂಥದಲ್ಲಿ ಸರ್ವಾತ್ಮರ ದಿನಕ್ಕೆ ಸ್ಥಾನವೇ ಉಳಿಯಲಿಲ್ಲ. ಪ್ರಾರ್ಥನೆ ಹೋಯಿತು, ಮನೆಮನೆಗೆ ಹೋಗಿ ತಿಂಡಿ ಕೇಳುವುದು ಉಳಿಯಿತು. ಐರ್ಲೆಂಡ್ ಮತ್ತು ಸ್ಕಾಟ್ಲೆಂಡಿನಲ್ಲಿ ವೇಷ ತೊಟ್ಟು ತಿರುಗುವುದು, ಟರ್ನಿಪ್ ಗೆಡ್ಡೆಯನ್ನು ಕೊರೆದು ದೀಪವಿಡುವುದು ಅದರೊಡನೆ ಇತ್ತು. 1845ರಲ್ಲಿ ಆರಂಭವಾದ ಆಲೂಗಡ್ಡೆ ಕ್ಷಾಮದಿಂದ ತಪ್ಪಿಸಿಕೊಂಡು ಅಮೆರಿಕ ಸೇರಿದ ಐರಿಷರು ಇವನ್ನು ಜೊತೆಗೆ ಒಯ್ದರು. ಅಲ್ಲಿ ಹೇರಳವಾಗಿ ಸಿಗುತ್ತಿದ್ದ, ಕೊರೆಯಲು ಸುಲಭವಾದ ಕುಂಬಳಕಾಯಿ ಟರ್ನಿಪ್ಪಿನ ಜಾಗ ಹಿಡಿಯಿತು. ಮಕ್ಕಳು ಸಿಹಿ ಕೇಳುತ್ತ ಬೀದಿ ಸುತ್ತುವ ಇಂದಿನ ರೂಪ ಉತ್ತರ ಅಮೆರಿಕದಲ್ಲಿ ಹರಡಿದ್ದು ಇಪ್ಪತ್ತನೆಯ ಶತಮಾನದ ಎರಡು ಮಹಾಯುದ್ಧಗಳ ನಡುವೆ. ಎರಡನೆಯ ಯುದ್ಧದಲ್ಲಿ ಸಕ್ಕರೆಗೆ ಪಡಿತರ ಬಂದಾಗ ಮಂಕಾಗಿ, ಯುದ್ಧಾನಂತರ ಮತ್ತೆ ಬೆಳೆಯಿತು. ಹಾಗಾಗಿ ಹ್ಯಾಲೋವೀನ್ ಈ ಕುಟುಂಬದ್ದೇ, ಆದರೆ ತನ್ನ ಮೃತರನ್ನು ಕಳೆದುಕೊಂಡ ಶಾಖೆ. ಅಂದು ಅಸ್ಥಿಪಂಜರಗಳು ಬೇಕಾದಷ್ಟು ಕಾಣುತ್ತವೆ, ಆದರೆ ಅವು ಯಾರ ಅಜ್ಜಿಯವೂ ಅಲ್ಲ. ಅದನ್ನು ಅಧರ್ಮವೆಂದು ಬೈಯುವುದೂ ಪುರಾತನ ಪಿತೃಪೂಜೆಯೆಂದು ಮೆರೆಸುವುದೂ ಎರಡೂ ಅತಿರೇಕವೆಂದೇ ನನಗೆ ತೋರುತ್ತದೆ.

ಮೆಕ್ಸಿಕೊದ ವಿಷಯ ಇದಕ್ಕಿಂತ ಸಂಕೀರ್ಣ, ಹಾಗಾಗಿ ಅಲ್ಲಿ ಸ್ವಲ್ಪ ನಿಲ್ಲಬೇಕು. ಅಕ್ಟೋಬರ್ ಕೊನೆಯಲ್ಲಿ ಮನೆಗಳಲ್ಲಿ ಒಫ್ರೆಂದಾ ಎಂಬ ಎಡೆಯ ಪೀಠ ಸಿದ್ಧವಾಗುತ್ತದೆ. ಅದರ ಮೇಲೆ ಮೃತರ ಭಾವಚಿತ್ರ, ದಾರಿಯ ಬಾಯಾರಿಕೆಗೆ ನೀರು, ಉಪ್ಪು, ಮೇಣದ ದೀಪ, ಕೊಪಾಲ್ ಮರದ ಅಂಟಿನ ಧೂಪ, ಕತ್ತರಿಸಿದ ಬಣ್ಣದ ಕಾಗದ, ಸತ್ತವರಿಗಾಗಿ ಬೇಯಿಸಿದ ವಿಶೇಷ ಬ್ರೆಡ್ಡು, ಬದುಕಿದ್ದಾಗ ಅವರಿಗೆ ಇಷ್ಟವಾಗಿದ್ದ ಅಡುಗೆ ಎಲ್ಲ ಇರುತ್ತವೆ. ಸಾಮಾನ್ಯವಾಗಿ ನವೆಂಬರ್ 1 ಮಕ್ಕಳ ಆತ್ಮಗಳಿಗೆ, ನವೆಂಬರ್ 2 ದೊಡ್ಡವರ ಆತ್ಮಗಳಿಗೆ. ಸೆಂಪಾಸೂಚಿಲ್ ಎಂಬ ಕಿತ್ತಳೆ ಬಣ್ಣದ ಹೂವಿನ ದಳಗಳನ್ನು ಬಾಗಿಲಿನಿಂದ ಪೀಠದವರೆಗೆ ಚೆಲ್ಲಿ ಆತ್ಮಗಳಿಗೆ ದಾರಿ ತೋರಿಸುತ್ತಾರೆ. ಇದು ನಮ್ಮ ಚೆಂಡುಹೂವೇ. ಅದರ ತವರು ಮೆಕ್ಸಿಕೊ, ಯುರೋಪಿನ ಹಡಗುಗಳ ಕಾಲದ ನಂತರವೇ ಅದು ಭಾರತದ ಮಾಲೆಗಳಿಗೆ ಸೇರಿದ್ದು.

ಈ ಹಬ್ಬ ಶುದ್ಧ ಅಜ್ಟೆಕ್ ಪರಂಪರೆ ಎಂದು ಪ್ರವಾಸಿ ಪುಸ್ತಿಕೆಗಳು ಹೇಳುತ್ತವೆ. ಅದೂ ಅರ್ಧ ಮಾತು. ಎಡೆಯಲ್ಲಿರುವ ಗೋಧಿ ಬ್ರೆಡ್ಡು, ಸಕ್ಕರೆಯ ತಲೆಬುರುಡೆಗಳು, ಮೇಣದ ದೀಪಗಳು ಸ್ಪೇನಿನವರೊಡನೆ ಬಂದವು, ದಿನಾಂಕವಂತೂ ಕ್ಲೂನಿಯದೇ. ಮೆಕ್ಕೆಜೋಳ, ಚೆಂಡುಹೂವು, ಕೊಪಾಲ್ ಧೂಪ ಆ ನೆಲದವು. ಇವೆರಡು ಬೆಸೆದುಕೊಂಡ ಬಗೆಗೆ ಅಪರೂಪದ ಸಮಕಾಲೀನ ಸಾಕ್ಷಿಯೊಂದಿದೆ. ಹದಿನಾರನೆಯ ಶತಮಾನದ ಪಾದ್ರಿ ದಿಯೆಗೊ ದುರಾನ್, ಸ್ಥಳೀಯ ಜನರಿಗೆ ಹಿಂದೆ ಆಗಸ್ಟ್ ಸುಮಾರಿಗೆ ಚಿಕ್ಕವರ ಮೃತೋತ್ಸವ ಮತ್ತು ದೊಡ್ಡವರ ಮೃತೋತ್ಸವವೆಂದು ಎರಡು ಹಬ್ಬಗಳಿದ್ದವೆಂದು ದಾಖಲಿಸುತ್ತಾನೆ. ಈಗ ಅವರು ಸರ್ವಸಂತರ ದಿನ ಮಕ್ಕಳಿಗೂ ಸರ್ವಾತ್ಮರ ದಿನ ದೊಡ್ಡವರಿಗೂ ಎಡೆಯಿಡುವುದನ್ನು ಕಂಡು, ಹಳೆಯ ಹಬ್ಬವನ್ನೇ ಹೊಸ ದಿನಾಂಕಕ್ಕೆ ಸಾಗಿಸಿದ್ದಾರೆಂದು ಅನುಮಾನಿಸುತ್ತಾನೆ. ಪಾದ್ರಿಯ ಅನುಮಾನ ನಿಜವಿದ್ದರೆ, ಇಲ್ಲಿ ಹಬ್ಬ ಬೇಸಿಗೆಯಿಂದ ಶರತ್ಕಾಲಕ್ಕೆ ಸರಿಯಿತು, ಅದೂ ಆಳುವವರ ಪಂಚಾಂಗದ ಕಾರಣಕ್ಕೆ. ಹೊಸ ದಿನಾಂಕ ಬೇರೂರಲು ಕೊಯ್ಲು ನೆರವಾಯಿತೆನ್ನಬಹುದು. ಎತ್ತರದ ಪ್ರದೇಶಗಳಲ್ಲಿ ಮೆಕ್ಕೆಜೋಳದ ವಾರ್ಷಿಕ ಚಕ್ರ ಮುಗಿಯುವುದು ಸರಿಯಾಗಿ ಆ ಸಮಯಕ್ಕೇ. ಆದರೆ ಇನ್ನೊಂದು ಕಾರಣವನ್ನೂ ಮರೆಯಬಾರದು. 1520, 1545 ಮತ್ತು 1576ರಲ್ಲಿ ಆರಂಭವಾದ ಮಹಾಸಾಂಕ್ರಾಮಿಕಗಳು ಆ ನಾಡಿನ ಮೂಲನಿವಾಸಿಗಳಲ್ಲಿ ಬಹುಪಾಲನ್ನು ಅಳಿಸಿಹಾಕಿದವು. ಊರಿಗೆ ಊರೇ ಸತ್ತ ಕಡೆ ಒಬ್ಬೊಬ್ಬರಿಗೂ ವಿಧಿ ನಡೆಸಲು ಯಾರೂ ಉಳಿದಿರಲಿಲ್ಲ. ಎಲ್ಲ ಮೃತರಿಗೂ ಒಟ್ಟಾಗಿ ಸಲ್ಲುವ ದಿನವೊಂದನ್ನು ಆ ಕಾಲದ ಜನರು ಅಷ್ಟು ಗಾಢವಾಗಿ ಅಪ್ಪಿಕೊಂಡದ್ದನ್ನು ನಾನು ಈ ಹಿನ್ನೆಲೆಯಲ್ಲೇ ನೋಡುತ್ತೇನೆ. ಇಂದಿಗೂ ಅನೇಕ ಮನೆಗಳಲ್ಲಿ ತಮ್ಮವರ ಎಡೆಯ ಜೊತೆಗೆ, ಯಾರೂ ಇಲ್ಲದ ಒಂಟಿ ಆತ್ಮಕ್ಕೆಂದು ಪ್ರತ್ಯೇಕ ದೀಪವೊಂದನ್ನು ಹಚ್ಚುತ್ತಾರೆ.

ನಂತರದ ಬದಲಾವಣೆಗಳು ಇನ್ನೂ ಈಚಿನವು. ಹೂವು ಗರಿಗಳ ಟೋಪಿ ತೊಟ್ಟ ಅಸ್ಥಿಪಂಜರದ ಹೆಂಗಸು, ಇಂದು ಹಬ್ಬದ ಲಾಂಛನವೇ ಆಗಿರುವ ಕತ್ರೀನಾ, ಮೂಲತಃ ಹೊಸ ಶ್ರೀಮಂತರ ಸೋಗನ್ನು ಅಣಕಿಸಲು 1910ರ ಸುಮಾರಿಗೆ ಮುದ್ರಣ ಕಲಾವಿದ ಹೊಸೆ ಗ್ವಾದಲೂಪೆ ಪೊಸಾದ ಕೆತ್ತಿದ ಚಿತ್ರ. ಅದಕ್ಕೆ ಪೂರ್ಣ ದೇಹವನ್ನೂ ಉಡುಪನ್ನೂ ಕೊಟ್ಟವರು 1947ರಲ್ಲಿ ದಿಯೆಗೊ ರಿವೇರಾ. ಮೆಕ್ಸಿಕೊ ನಗರದ ಭಾರಿ ಮೆರವಣಿಗೆ ಆರಂಭವಾದದ್ದು 2016ರಲ್ಲಿ. ಅದರ ಹಿಂದಿನ ವರ್ಷ ತೆರೆಕಂಡ ಬ್ರಿಟಿಷ್ ಗೂಢಚಾರ ಚಿತ್ರವೊಂದು ಕಲ್ಪಿಸಿ ತೋರಿಸಿದ ಮೆರವಣಿಗೆಯನ್ನು ನಗರ ನಿಜವಾಗಿಸಿತು. 2008ರಲ್ಲಿ ಯುನೆಸ್ಕೊ ಈ ಹಬ್ಬವನ್ನು ಮಾನವಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿದಾಗ ಗಮನಿಸಿದ್ದು ಮೆರವಣಿಗೆಯನ್ನಲ್ಲ, ಮೂಲನಿವಾಸಿ ಸಮುದಾಯಗಳ ಮನೆ ಮತ್ತು ಸ್ಮಶಾನಗಳ ಆಚರಣೆಯನ್ನು.

ದಕ್ಷಿಣ ಅಮೆರಿಕದ ಆಂಡೀಸ್ ಪರ್ವತಪ್ರದೇಶದಲ್ಲಿ ಲೆಕ್ಕ ತಲೆಕೆಳಗಾಗುತ್ತದೆ. ಅಲ್ಲಿ ನವೆಂಬರ್ ಎಂದರೆ ಮಳೆಗಾಲದ ಹೊಸ್ತಿಲು. 1615ರ ಸುಮಾರಿಗೆ ಬರೆದ ಸ್ಥಳೀಯ ಇತಿಹಾಸಕಾರ ಗ್ವಾಮಾನ್ ಪೋಮ, ನವೆಂಬರನ್ನು ಇಂಕಾ ಜನರು ಮೃತರನ್ನು ಹೊರತಂದು, ಉಡಿಸಿ, ಉಣಿಸಿ, ಮೆರವಣಿಗೆ ಮಾಡಿ ಮತ್ತೆ ಒಳಗಿಡುತ್ತಿದ್ದ ತಿಂಗಳು ಎಂದು ವರ್ಣಿಸುತ್ತಾನೆ. ಕೊಯ್ಲಿನ ವಿವರಣೆ ಇಲ್ಲಿ ಕೆಲಸಕ್ಕೆ ಬರುವುದಿಲ್ಲ ಎಂಬುದನ್ನು ಒಪ್ಪಿಕೊಳ್ಳಲೇಬೇಕು. ಇಲ್ಲಿ ಮೃತರು ಬೆಳೆದದ್ದರಲ್ಲಿ ಪಾಲು ಪಡೆಯುವುದಕ್ಕಿಂತ ಹೆಚ್ಚಾಗಿ ಬೆಳೆಯಬೇಕಾದದ್ದರ ಕಾವಲಿಗೆ ಬರುತ್ತಾರೆ. ಇಂದು ಬೊಲಿವಿಯಾದಲ್ಲಿ ಮಗುವಿನ ಆಕಾರದ ಬ್ರೆಡ್ಡುಗಳನ್ನು ಎಡೆಯಿಡುತ್ತಾರೆ. ಲಾ ಪಾಸ್ ನಗರದಲ್ಲಿ ನವೆಂಬರ್ 8ರಂದು, ಮನೆಯಲ್ಲಿ ಕಾಪಾಡಿಕೊಂಡು ಬಂದ ತಲೆಬುರುಡೆಗಳಿಗೆ ಹೂಕಿರೀಟ ತೊಡಿಸಿ ಸ್ಮಶಾನಕ್ಕೆ ತರುತ್ತಾರೆ. ಆ ಬುರುಡೆಗಳಲ್ಲಿ ಹೆಚ್ಚಿನವು ಯಾರ ಬಂಧುಗಳವೂ ಅಲ್ಲ, ಗೋರಿ ಕಳೆದುಕೊಂಡ ಅನಾಮಿಕರವು.

ಏಷ್ಯಾಕ್ಕೆ ಬರೋಣ. ಚೀನಾದಲ್ಲಿ ಹಸಿದ ಪ್ರೇತಗಳ ಹಬ್ಬ ಏಳನೆಯ ಚಾಂದ್ರಮಾಸದ ಹುಣ್ಣಿಮೆಯಂದು ಬರುತ್ತದೆ. ಅವರ ಪಂಚಾಂಗದಲ್ಲಿ ಏಳನೆಯ ತಿಂಗಳಿನಿಂದಲೇ ಶರತ್ಕಾಲ ಆರಂಭ, ಹೊರಗೆ ಇನ್ನೂ ಬೇಸಿಗೆಯ ಸೆಕೆ ಇದ್ದರೂ. ದಿನಾಂಕದ ಬೌದ್ಧ ಮೂಲ ಮಾತ್ರ ಚೀನಾದ ಋತುಮಾನಕ್ಕೆ ಸಂಬಂಧಿಸಿದ್ದಲ್ಲ. ಬುದ್ಧನ ಶಿಷ್ಯ ಮೌದ್ಗಲ್ಯಾಯನ ಪ್ರೇತಲೋಕದಲ್ಲಿ ಹಸಿದಿದ್ದ ತನ್ನ ತಾಯಿಗೆ ಅನ್ನ ಕೊಟ್ಟಾಗ ಅದು ಬಾಯಿ ಸೇರುವ ಮೊದಲೇ ಕೆಂಡವಾಯಿತು. ಭಿಕ್ಷುಗಳು ಮಳೆಗಾಲದ ವಾಸವನ್ನು ಮುಗಿಸಿ ಹೊರಬರುವ ದಿನ ಸಂಘಕ್ಕೆ ದಾನ ಕೊಟ್ಟರೆ ಅವಳಿಗೆ ಬಿಡುಗಡೆ ಎಂದು ಬುದ್ಧ ತಿಳಿಸಿದ ಎಂಬುದು ಕತೆ. ಹೀಗೆ ಉತ್ತರ ಭಾರತದ ಮುಂಗಾರಿನ ಲೆಕ್ಕ ಚೀನಾ, ಅಲ್ಲಿಂದ ಜಪಾನಿನ ಓಬೋನ್ ಹಬ್ಬದ ದಿನವನ್ನು ಗೊತ್ತುಮಾಡಿತು. ಈ ಹಬ್ಬದ ವ್ಯವಸ್ಥೆಯಲ್ಲಿ ಗಮನಿಸಬೇಕಾದ ಒಂದು ಭೇದವಿದೆ: ಮನೆತನದ ಹಿರಿಯರಿಗೆ ಎಡೆ ಮನೆಯೊಳಗೆ, ಸಂತಾನವಿಲ್ಲದ ಅಲೆಮಾರಿ ಪ್ರೇತಗಳಿಗೆ ಮನೆಯ ಹೊರಗೆ. ಸಿಂಗಪುರ ಮತ್ತು ಮಲೇಷ್ಯಾದಲ್ಲಿ ಆ ತಿಂಗಳು ಬೀದಿಯಲ್ಲಿ ನಡೆಯುವ ಸಂಗೀತ ಪ್ರದರ್ಶನಗಳ ಮುಂದಿನ ಸಾಲಿನ ಕುರ್ಚಿಗಳನ್ನು ಈ ಅತಿಥಿಗಳಿಗಾಗಿ ಖಾಲಿ ಬಿಡುತ್ತಾರೆ.

ನಿಮ್ಮ ಪ್ರಶ್ನೆಯಲ್ಲಿ ಒಂದೇ ಮೂಲದ ಸಂಶಯಕ್ಕೆ ನಿಜವಾಗಿ ಎಡೆಕೊಡುವ ಜೋಡಿ ಯಾವುದಾದರೂ ಇದ್ದರೆ ಅದು ಪಿತೃಪಕ್ಷ ಮತ್ತು ಪ್ಚುಮ್ ಬೆನ್. ಎರಡೂ ಭಾದ್ರಪದದ ಕೃಷ್ಣಪಕ್ಷದವು. ಕಾಂಬೋಡಿಯಾದ ಖ್ಮೇರ್ ಜನರ ಪಂಚಾಂಗದಲ್ಲಿ ಆ ತಿಂಗಳು ಇಂದಿಗೂ ಭಾದ್ರಪದದ ಹೆಸರನ್ನೇ ಫೋತ್ರಬೋತ್ ಎಂದು ಉಳಿಸಿಕೊಂಡಿದೆ. ಎರಡೂ ಅಮಾವಾಸ್ಯೆಯಂದು ಮುಗಿಯುತ್ತವೆ, ಎರಡರಲ್ಲೂ ಅನ್ನದ ಪಿಂಡವೇ ಮುಖ್ಯ. ಅವರ ಹಳೆಯ ಅಂಗ್ಕೋರ್ ರಾಜ್ಯಕ್ಕೆ ಸಂಸ್ಕೃತವೂ ಭಾರತೀಯ ಪಂಚಾಂಗವೂ ತಲುಪಿದ್ದನ್ನು ಶಾಸನಗಳು ಧಾರಾಳವಾಗಿ ತೋರಿಸುವುದರಿಂದ ಈ ನಂಟನ್ನು ಊಹೆ ಎನ್ನಬೇಕಾಗಿಲ್ಲ. ಆದರೆ ಸಾವಿರ ವರ್ಷಗಳಲ್ಲಿ ಅದು ಥೇರವಾದ ಬೌದ್ಧಧರ್ಮದ ಕೈಯಲ್ಲಿ ಬೇರೆಯೇ ಆಗಿದೆ. ಹದಿನೈದು ದಿನಗಳೂ ಗ್ರಾಮಸ್ಥರು ಸರದಿಯಂತೆ ವಿಹಾರಕ್ಕೆ ಅಡುಗೆ ತರುತ್ತಾರೆ. ಬೆಳಗಿನ ಜಾವ, ಇನ್ನೂ ಕತ್ತಲಿರುವಾಗಲೇ, ಎಳ್ಳು ಬೆರೆಸಿದ ಅಂಟಕ್ಕಿಯ ಉಂಡೆಗಳನ್ನು ವಿಹಾರದ ಸುತ್ತ ನೆಲಕ್ಕೆ ಎಸೆಯುತ್ತಾರೆ. ಪಾಪದ ಭಾರ ಹೆಚ್ಚಿರುವ ಪ್ರೇತಗಳು ಬೆಳಕಿಗೆ ಬರಲಾರವು, ಅವುಗಳ ಬಾಯಿ ಸೂಜಿಯ ಕಣ್ಣಿನಷ್ಟು ಕಿರಿದು ಎಂಬ ನಂಬಿಕೆಯಿಂದ. ಮೃತರು ತಮ್ಮವರ ಎಡೆಯನ್ನು ಹುಡುಕುತ್ತ ಏಳು ವಿಹಾರಗಳನ್ನು ಅಲೆಯುತ್ತಾರೆ, ಎಲ್ಲೂ ಸಿಗದಿದ್ದರೆ ಶಪಿಸುತ್ತಾರೆ ಎಂದೂ ಹೇಳುತ್ತಾರೆ. ಹಾಗಾಗಿ ಬದುಕಿರುವವರೂ ಸಾಧ್ಯವಾದಷ್ಟು ವಿಹಾರಗಳಿಗೆ ಹೋಗುತ್ತಾರೆ.

1975ರಿಂದ 1979ರವರೆಗೆ ಕಾಂಬೋಡಿಯಾವನ್ನು ಆಳಿದ ಖ್ಮೇರ್ ರೂಜ್ ಎಂಬ ಕಮ್ಯುನಿಸ್ಟ್ ಆಡಳಿತ ಧಾರ್ಮಿಕ ಆಚರಣೆಗಳನ್ನು ನಿಷೇಧಿಸಿತು, ಭಿಕ್ಷುಗಳ ಕಾಷಾಯ ಕಳಚಿಸಿತು. ಹಸಿವು, ದುಡಿಮೆ ಮತ್ತು ಕೊಲೆಗಳಿಂದ ಸುಮಾರು 17 ಲಕ್ಷ ಜನ ಸತ್ತರೆಂಬುದು ಸಾಮಾನ್ಯವಾಗಿ ಒಪ್ಪಿರುವ ಅಂದಾಜು. ಬದುಕುಳಿದವರ ಬಳಿ ಸತ್ತವರ ದಿನವೂ ಇರಲಿಲ್ಲ, ಸ್ಥಳವೂ ಇರಲಿಲ್ಲ, ದೇಹವೂ ಇರಲಿಲ್ಲ. ಅಂತಹವರಿಗೆ ಪ್ಚುಮ್ ಬೆನ್ ಏನಾಯಿತೆಂಬುದನ್ನು ವಿವರಿಸಬೇಕಾಗಿಲ್ಲ: ವಿಹಾರದಲ್ಲಿ ಭಿಕ್ಷುವಿಗೆ ಹೆಸರುಗಳ ಚೀಟಿಯನ್ನು ಕೊಟ್ಟರೆ ಅವನು ಅವನ್ನು ಓದಿ ಪುಣ್ಯವನ್ನು ಅವರಿಗೆ ತಲುಪಿಸುತ್ತಾನೆ, ತಿಥಿಯನ್ನು ಕೇಳುವುದಿಲ್ಲ. ಭಾರತದ ವಿಧಿಯಲ್ಲೂ ಇದೇ ಅವಕಾಶವಿದೆ. ಪಕ್ಷದ ಒಂದೊಂದು ದಿನ ಒಂದೊಂದು ತಿಥಿಯಲ್ಲಿ ಸತ್ತವರಿಗೆ, ಚತುರ್ದಶಿ ಶಸ್ತ್ರದಿಂದಲೋ ಅಪಘಾತದಿಂದಲೋ ಸತ್ತವರಿಗೆ, ಕೊನೆಯ ಸರ್ವಪಿತೃ ಅಮಾವಾಸ್ಯೆ ತಿಥಿ ತಿಳಿಯದವರಿಗೆ. ತಾಯಿಯಾಗಲಿ ತಂದೆಯಾಗಲಿ ಬಂಧುವಾಗಲಿ ಸಗೋತ್ರರಾಗಲಿ ಯಾರೂ ಇಲ್ಲದವರೆಲ್ಲ ನಾನು ಬಿಟ್ಟ ಈ ನೀರಿನಿಂದ ತೃಪ್ತರಾಗಲಿ ಎಂಬ ಅರ್ಥದ ಶ್ಲೋಕ ತರ್ಪಣದ ಕೊನೆಗೆ ಬರುತ್ತದೆ. ಅವಸರದಲ್ಲಿ ಮುಗಿಸುವವರು ಗಮನಿಸದೆ ದಾಟಿಬಿಡುವ ಸಾಲು ಅದು. ಕ್ಲೂನಿಯ ಆದೇಶವನ್ನೂ ಈ ಶ್ಲೋಕವನ್ನೂ ಒಂದರಿಂದ ಇನ್ನೊಂದು ಪಡೆದಿಲ್ಲ. ಒಂದೇ ಕೊರತೆ ಎರಡು ಕಡೆಯೂ ಒಂದೇ ಬಗೆಯ ಪರಿಹಾರವನ್ನು ಹುಟ್ಟಿಸಿದೆ.

ಕೊರಿಯಾದ ಚುಸೋಕ್ ಈ ಗುಂಪಿನಲ್ಲಿ ಸ್ವಲ್ಪ ಭಿನ್ನ. ಅದು ಅಲೆಮಾರಿ ಪ್ರೇತಗಳಿಗಲ್ಲ, ಮನೆತನದ ಹಿರಿಯರಿಗೆ ಸಲ್ಲುವ ಕೊಯ್ಲಿನ ಹಬ್ಬ. ಎಂಟನೆಯ ಚಾಂದ್ರಮಾಸದ ಹುಣ್ಣಿಮೆಯ ಬೆಳಿಗ್ಗೆ ಹೊಸ ಅಕ್ಕಿಯ ಅನ್ನ, ಹೊಸ ಅಕ್ಕಿಯ ಮದ್ಯ, ಸೋಂಗ್‌ಪ್ಯೋನ್ ಎಂಬ ಹೂರಣದ ಕಡುಬು, ಹಣ್ಣುಗಳನ್ನು ಹಿರಿಯರ ಮುಂದಿಟ್ಟು ನಮಸ್ಕರಿಸುತ್ತಾರೆ, ಆಮೇಲೆ ಗೋರಿಗಳಿಗೆ ಹೋಗುತ್ತಾರೆ. ಗೋರಿಯ ಮೇಲೆ ಬೆಳೆದ ಹುಲ್ಲನ್ನು ಹಬ್ಬಕ್ಕೆ ಮುಂಚೆಯೇ ಕತ್ತರಿಸಿರಬೇಕು. ಧಾನ್ಯದ ಕಾರಣ ಇಲ್ಲಿ ಮುಚ್ಚುಮರೆಯಿಲ್ಲದೆ ಕಾಣುತ್ತದೆ. ಎಡೆಯ ಮೇಜನ್ನು ಸಿದ್ಧಪಡಿಸುವ ದುಡಿಮೆಯೆಲ್ಲ ಸೊಸೆಯಂದಿರ ಮೇಲೆ ಬೀಳುತ್ತದೆ ಎಂಬ ದೂರು ಅಲ್ಲಿ ದೊಡ್ಡ ಚರ್ಚೆಯಾದ ಮೇಲೆ, 2022ರಲ್ಲಿ ಕನ್ಫ್ಯೂಷಿಯನ್ ಸಂಸ್ಥೆ ಸುಂಗ್‌ಕ್ಯುನ್‌ಗ್ವಾನ್ ತಾನೇ ಮುಂದೆ ಬಂದು, ಎಣ್ಣೆಯಲ್ಲಿ ಕರಿದ ತಿನಿಸುಗಳು ವಿಧಿಗೆ ಅಗತ್ಯವಿಲ್ಲ, ಒಂಬತ್ತು ಬಗೆ ಸಾಕು ಎಂದು ಪ್ರಕಟಿಸಿತು. ಜಪಾನಿನಲ್ಲಿ ಸೆಪ್ಟೆಂಬರ್ ವಿಷುವತ್ತಿನ ಸುತ್ತಲಿನ ಏಳು ದಿನಗಳು ಗೋರಿ ಭೇಟಿಗೆ ಮೀಸಲು. ಆದರೆ ಮಾರ್ಚ್ ವಿಷುವತ್ತಿಗೂ ಅದೇ ಆಚರಣೆ ಇರುವುದರಿಂದ ಅದನ್ನು ಶರತ್ಕಾಲದ ಹಬ್ಬವೆಂದು ಮಾತ್ರ ಎಣಿಸಲಾಗದು.

ಈಚಿನ ಶತಮಾನಗಳಲ್ಲಿ ಹೊಸದಾಗಿ ಹುಟ್ಟಿದ ದಿನಗಳನ್ನು ನೋಡಿದರೆ ಸಾಮೂಹಿಕ ದಿನದ ಅಗತ್ಯ ಇನ್ನೂ ಬಿಚ್ಚಿ ತೋರುತ್ತದೆ. ಮತಸುಧಾರಣೆಯಿಂದ ಸರ್ವಾತ್ಮರ ದಿನವನ್ನು ಕೈಬಿಟ್ಟಿದ್ದ ಜರ್ಮನ್ ರಾಜ್ಯ ಪ್ರಷ್ಯಾದಲ್ಲಿ, ನೆಪೋಲಿಯನ್ ಯುದ್ಧಗಳು ಮುಗಿದ ಬೆನ್ನಿಗೆ, 1816ರಲ್ಲಿ ದೊರೆ ಮೂರನೆಯ ಫ್ರೆಡ್ರಿಕ್ ವಿಲ್ಹೆಲ್ಮ್ ನವೆಂಬರಿನ ಒಂದು ಭಾನುವಾರವನ್ನು ಮೃತರ ಸ್ಮರಣೆಗೆಂದು ಗೊತ್ತುಮಾಡಿದ. ಜರ್ಮನಿಯ ಪ್ರಾಟೆಸ್ಟೆಂಟರು ಇಂದಿಗೂ ಅದನ್ನು ಪಾಲಿಸುತ್ತಾರೆ. ಬ್ರಿಟನ್ ಮತ್ತು ಕಾಮನ್‌ವೆಲ್ತ್ ದೇಶಗಳ ನವೆಂಬರ್ 11, 1918ರ ಕದನವಿರಾಮದ ದಿನ; ಅದು ಶರತ್ಕಾಲದಲ್ಲಿ ಬಿದ್ದದ್ದು ಯುದ್ಧದ ಗತಿಯಿಂದ ಮಾತ್ರ. 1920ರ ಅದೇ ದಿನ ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ಅಬ್ಬೆಯಲ್ಲೂ ಪ್ಯಾರಿಸ್ಸಿನ ವಿಜಯಕಮಾನಿನಲ್ಲೂ ಹೆಸರು ತಿಳಿಯದ ಒಬ್ಬೊಬ್ಬ ಸೈನಿಕನಿಗೆ ರಾಜಗೌರವ ಸಲ್ಲಿಸಿದರು. ಮಗನ ದೇಹ ಸಿಗದ ತಾಯಿಯೊಬ್ಬಳು ಇವನೇ ತನ್ನ ಮಗನಿರಬಹುದೆಂದು ಭಾವಿಸಲು ಅಲ್ಲಿ ಅವಕಾಶವಿತ್ತು. ಬೆಲಾರೂಸಿನ ಜ್ಯಾದಿ, ಅಂದರೆ ಅಜ್ಜಂದಿರ ದಿನ, ಮನೆಯೊಳಗಿನ ಊಟದ ಹಬ್ಬವಾಗಿತ್ತು. 1988ರಲ್ಲಿ ಮಿನ್ಸ್ಕ್ ಬಳಿಯ ಕುರಾಪಾತಿ ಕಾಡಿನಲ್ಲಿ ಸ್ಟಾಲಿನ್ ಕಾಲದಲ್ಲಿ ಗುಂಡಿಕ್ಕಿ ಹೂತವರ ಗುಂಡಿಗಳು ಬೆಳಕಿಗೆ ಬಂದ ಮೇಲೆ, ಆ ವರ್ಷದ ಅಕ್ಟೋಬರ್ 30ರಂದು ಸಾವಿರಾರು ಜನ ಜ್ಯಾದಿ ಆಚರಿಸಲು ಬೀದಿಗಿಳಿದರು, ಪೊಲೀಸರು ಅವರನ್ನು ಬಲದಿಂದ ಚದುರಿಸಿದರು. ಸರ್ಕಾರವೇ ಹೆಸರು ಅಳಿಸಿದ ಮೃತರನ್ನು ನೆನೆಯಲು ಜನರು ಹೊಸ ದಿನವೊಂದನ್ನು ಹುಡುಕಲಿಲ್ಲ; ಹಿರಿಯರೆಲ್ಲರಿಗೂ ಸೇರಿದ ದಿನವೊಂದು ಮೊದಲೇ ಇತ್ತು.

ಹಾಗಾದರೆ ಋತುವಿಗೆ ಈ ವಿಷಯದಲ್ಲಿ ಏನೂ ಪಾಲಿಲ್ಲವೇ ಎಂದು ನೀವು ಕೇಳಬಹುದು. ಇದೆ, ಆದರೆ ಅದು ಕಾರಣದಲ್ಲಿ ಇರುವುದಕ್ಕಿಂತ ಸಾಮಗ್ರಿಯಲ್ಲಿ ಇದೆ. ಪೋಲೆಂಡಿನಲ್ಲಿ ನವೆಂಬರ್ 1ರಂದು ಇಡೀ ದೇಶವೇ ಊರಿಗೆ ಹೊರಟು ಗೋರಿಗಳ ಮೇಲೆ ಗಾಜಿನ ದೀಪಗಳನ್ನು ಹಚ್ಚುತ್ತದೆ. ಸಂಜೆ ನಾಲ್ಕೂವರೆಯ ಹೊತ್ತಿಗೆ ಕತ್ತಲಾಗುವ ನಾಡಿನಲ್ಲಿ ಲಕ್ಷಾಂತರ ದೀಪಗಳು ಸ್ಮಶಾನಗಳನ್ನು ದೂರಕ್ಕೆ ಕಾಣುವಂತೆ ಮಾಡುತ್ತವೆ, ಅದೇ ಆಚರಣೆ ಜೂನ್ ತಿಂಗಳಿನಲ್ಲಿದ್ದರೆ ಈ ರೂಪ ಪಡೆಯುತ್ತಿರಲಿಲ್ಲ. ಹೂವುಗಳ ಕತೆಯೂ ಹಾಗೆಯೇ. ಸೇವಂತಿಗೆ ಹಗಲು ಕುಗ್ಗಿದಾಗ ಮೊಗ್ಗು ಬಿಡುವ ಗಿಡ. ಮೆಕ್ಸಿಕೊದ ಎತ್ತರದ ಪ್ರದೇಶದಲ್ಲಿ ಚೆಂಡುಹೂವು ಮಳೆ ನಿಲ್ಲುವ ಅಕ್ಟೋಬರಿಗೆ ಹೊಲತುಂಬ ಅರಳುತ್ತದೆ. ನವೆಂಬರ್ ಮೊದಲ ವಾರದಲ್ಲಿ ಫ್ರಾನ್ಸ್, ಬೆಲ್ಜಿಯಂ, ಇಟಲಿ, ಪೋಲೆಂಡಿನ ಸ್ಮಶಾನಗಳಿಗೆ ಸಿಗುವ ಗಟ್ಟಿಮುಟ್ಟಾದ ಹೂವೆಂದರೆ ಸೇವಂತಿಗೆಯೇ ಆದ್ದರಿಂದ ಅದು ಅಲ್ಲಿ ಸಾವಿನ ಹೂವಾಯಿತು, ಮತ್ತು ಅದೇ ಕಾರಣಕ್ಕೆ ಫ್ರಾನ್ಸಿನಲ್ಲಿಯಾಗಲಿ ಇಟಲಿಯಲ್ಲಿಯಾಗಲಿ ಊಟಕ್ಕೆ ಕರೆದವರ ಮನೆಗೆ ಯಾರೂ ಸೇವಂತಿಗೆಯ ಗುಚ್ಛ ಒಯ್ಯುವುದಿಲ್ಲ.